ತೋಟದಲ್ಲಿ ಕೂರಲು ಸಮಯ ಇಟ್ಟುಕೊಳ್ಳಿ: ಪವಿತ್ರ ನಾಡಿನ ಯಾತ್ರೆಗೆ ಹೊರಟವರೊಡನೆ ಮಾತು

ನಿಮ್ಮ ಕೈಯಲ್ಲಿರುವ ಪ್ರವಾಸದ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಜೆರುಸಲೇಮಿನ ಮೊದಲ ದಿನ ಏನೇನಿದೆ? ಓಲಿವ್ ಗುಡ್ಡದ ಮೇಲಿಂದ ಊರಿನ ನೋಟ, ಪರಲೋಕ ಮಂತ್ರದ ದೇವಾಲಯ, ಪ್ರಭು ಕಣ್ಣೀರಿಟ್ಟ ಜಾಗ, ಗೆತ್ಸೆಮನೆ, ಊಟ. ಮಧ್ಯಾಹ್ನದ ಮೇಲೆ ಸಿಯೋನ್ ಗುಡ್ಡ, ಕಡೆಯ ಭೋಜನದ ಕೋಣೆ. ಲೆಕ್ಕ ಹಾಕಿದರೆ ಗೆತ್ಸೆಮನೆಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದರಲ್ಲಿ ಅರ್ಧ ಫೋಟೊಗೆ ಹೋಗುತ್ತದೆ.

ಇವತ್ತು ನಾನು ಮುಖ್ಯವಾಗಿ ಕೇಳಿಕೊಳ್ಳುವುದು ಒಂದೇ. ಪಟ್ಟಿಯಿಂದ ಎರಡು ಮೂರು ಜಾಗ ಬಿಟ್ಟರೂ ಪರವಾಗಿಲ್ಲ, ತೋಟಗಳಿಗೆ ಸಮಯ ಕೊಡಿ. ಯಾಕೆ ಅಂತ ಹೇಳುತ್ತೇನೆ.

ಯೊವಾನ್ನನ ಶುಭಸಂದೇಶದ 18ನೇ ಅಧ್ಯಾಯ ತೆಗೆಯಿರಿ. ಯೇಸು ಶಿಷ್ಯರ ಜೊತೆ ಕಿದ್ರೋನ್ ಹಳ್ಳ ದಾಟುತ್ತಾರೆ, ಅಲ್ಲೊಂದು ತೋಟ ಇರುತ್ತದೆ. 19ನೇ ಅಧ್ಯಾಯದ ಕೊನೆಗೆ ಬನ್ನಿ. ಅವರನ್ನು ಶಿಲುಬೆಗೇರಿಸಿದ ಜಾಗದಲ್ಲೂ ಒಂದು ತೋಟ, ಅದರಲ್ಲಿ ಯಾರನ್ನೂ ಇನ್ನೂ ಇಟ್ಟಿರದ ಹೊಸ ಸಮಾಧಿ. 20ನೇ ಅಧ್ಯಾಯದಲ್ಲಿ ಮಗ್ದಲದ ಮರಿಯ ಅಳುತ್ತಾ ನಿಂತಿದ್ದಾಳೆ. ಎದುರಿಗೆ ನಿಂತವರನ್ನು ತೋಟಗಾರ ಅಂದುಕೊಳ್ಳುತ್ತಾಳೆ. ಹಿಡಿದುಕೊಂಡು ಹೋದದ್ದು ತೋಟದಿಂದ, ಇಟ್ಟದ್ದು ತೋಟದಲ್ಲಿ, ಎದ್ದು ಬಂದು ಮೊದಲ ಮಾತಾಡಿದ್ದು ತೋಟದಲ್ಲಿ. ಮತ್ತಾಯ, ಮಾರ್ಕ ಇಬ್ಬರೂ ಗೆತ್ಸೆಮನೆ ಅಂತ ಜಾಗದ ಹೆಸರು ಹೇಳುತ್ತಾರೆ, ತೋಟ ಅಂತ ಹೇಳುವುದಿಲ್ಲ. ಯೊವಾನ್ನ ತೋಟ ಅನ್ನುತ್ತಾನೆ, ಹೆಸರು ಹೇಳುವುದಿಲ್ಲ. ನಾವು ಎರಡನ್ನೂ ಸೇರಿಸಿ ಗೆತ್ಸೆಮನೆ ತೋಟ ಅನ್ನುತ್ತೇವೆ, ಅಷ್ಟೇ. ಆದರೆ ಯೊವಾನ್ನ ಮತ್ತೆ ಮತ್ತೆ ತೋಟವನ್ನು ತರುವುದು ಸುಮ್ನೆ ಅಲ್ಲ. ಬೈಬಲ್ಲಿನ ಕಥೆ ಏದೆನ್ ತೋಟದಲ್ಲೇ ತಾನೆ ಶುರುವಾಗಿದ್ದು? ಅಲ್ಲಿ ಕೆಟ್ಟದ್ದು ಇಲ್ಲಿ ಸರಿಹೋಗುತ್ತಿದೆ ಅಂತ ಅವನು ನಮಗೆ ಕಾಣಿಸುತ್ತಿದ್ದಾನೆ.

ಮೊದಲು ಗೆತ್ಸೆಮನೆಗೆ ಹೋಗೋಣ. ಗುಡ್ಡದ ಮೇಲೆ ಬಸ್ಸು ಇಳಿಸುತ್ತದೆ. ಅಲ್ಲಿಂದ ಗರಿಗಳ ಭಾನುವಾರದ ಹಾದಿಯಲ್ಲಿ ಕೆಳಗೆ ನಡೆಯುತ್ತೀರಿ. ತುಂಬಾ ಕಡಿದಾದ ಇಳಿಜಾರು. ಅರ್ಧ ದಾರಿಯಲ್ಲಿ ಪ್ರಭು ಜೆರುಸಲೇಮನ್ನು ನೋಡಿ ಅತ್ತ ನೆನಪಿಗೆ ಕಟ್ಟಿದ ಪುಟ್ಟ ದೇವಾಲಯ ಇದೆ. ಆಂತೋನಿಯೊ ಬಾರ್ಲುಜ್ಜಿ ಎಂಬ ಇಟಲಿಯ ವಾಸ್ತುಶಿಲ್ಪಿ 1955ರಲ್ಲಿ ಅದನ್ನು ಕಣ್ಣೀರಿನ ಹನಿಯ ಆಕಾರದಲ್ಲಿ ಕಟ್ಟಿದ. ಪೀಠದ ಹಿಂದಿನ ಕಿಟಕಿಯಲ್ಲಿ ಇಡೀ ಹಳೆ ಊರು ಕಾಣುತ್ತದೆ. ಇನ್ನೂ ಕೆಳಗೆ ಮರಗಳ ನಡುವೆ ಚಿನ್ನದ ಬಣ್ಣದ ಏಳು ಗುಮ್ಮಟ. ಅದು ರಷ್ಯನ್ನರ ಮಗ್ದಲದ ಮರಿಯಳ ದೇವಾಲಯ, 1888ರದ್ದು. ವಾರದಲ್ಲಿ ಕೆಲವೇ ಗಂಟೆ ತೆರೆದಿರುತ್ತದೆ, ತೆರೆದಿದ್ದರೆ ಒಳಗೆ ಹೋಗಿ.

ಗುಡ್ಡದ ಬುಡದಲ್ಲಿ ಕಬ್ಬಿಣದ ಬೇಲಿಯ ಒಳಗೆ ಎಂಟು ಹಳೆಯ ಓಲಿವ್ ಮರಗಳು. ಬೇಲಿಯ ಸುತ್ತ ನಡೆಯುವ ದಾರಿ ಇದೆ, ಒಳಗೆ ಬಿಡುವುದಿಲ್ಲ. ಇಲ್ಲಿ ಗೈಡುಗಳು ಹೇಳುವ ಮಾತನ್ನು ನೀವು ಖಂಡಿತ ಕೇಳುತ್ತೀರಿ: 'ಯೇಸು ಪ್ರಾರ್ಥಿಸಿದ ರಾತ್ರಿ ಈ ಮರಗಳು ನೋಡಿದವು.' ಹಾಗೆ ನಂಬಬೇಕಾಗಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಮುತ್ತಿಗೆ ಹಾಕಿದಾಗ ಊರಿನ ಸುತ್ತಲಿನ ಮರಗಳನ್ನೆಲ್ಲ ಕಡಿದರು ಎಂದು ಆ ಕಾಲದವನೇ ಆದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಇಟಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಈ ಮರಗಳನ್ನು ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಹೇಳಿದರು. ಮೂರು ಮರಗಳ ಕಾಂಡದ ವಯಸ್ಸು ಮಾತ್ರ ತಿಳಿಯಿತು: 1092, 1166, 1198ರ ಆಸುಪಾಸಿನವು. ಉಳಿದ ಐದರ ಒಳಗೆ ಟೊಳ್ಳು, ಹಾಗಾಗಿ ಅಳೆಯಲು ಮರವೇ ಸಿಗಲಿಲ್ಲ.

ಕೆಲವರಿಗೆ ಇದು ಕೇಳಿ ಬೇಜಾರಾಗುತ್ತದೆ. ನನಗೆ ಮಾತ್ರ ಅದೇ ವರದಿಯ ಇನ್ನೊಂದು ವಿಷಯ ತುಂಬಾ ದೊಡ್ಡದು. ಎಂಟೂ ಮರಗಳ ಡಿಎನ್‌ಎ ಒಂದೇ. ಅಂದರೆ ಯಾರೋ ಒಂದೇ ತಾಯಿಮರದಿಂದ ಕೊಂಬೆ ಕತ್ತರಿಸಿ ತಂದು ಎಂಟೂ ಕಡೆ ನೆಟ್ಟಿದ್ದಾರೆ. ಬೀಜದಿಂದ ಬಂದಿದ್ದರೆ ಒಂದೊಂದೂ ಬೇರೆ ಬೇರೆ ಇರುತ್ತಿತ್ತು. ಕಣ್ಣೆದುರು ಇದ್ದ ಒಂದು ಮರವನ್ನು ಯಾರೋ ಆರಿಸಿ, ಇದರ ವಂಶ ಇಲ್ಲಿ ಉಳಿಯಬೇಕು ಅಂದುಕೊಂಡಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ. ಓಲಿವ್‌ನ ಗುಣವೂ ಇದಕ್ಕೆ ಕೂಡಿಬರುತ್ತದೆ. ಬಾಳೆ ಕಡಿದರೆ ಬುಡದಲ್ಲಿ ಕಂದು ಬರುವ ಹಾಗೆ ಇದರ ಬುಡದಲ್ಲೂ ಚಿಗುರು ಬರುತ್ತಲೇ ಇರುತ್ತದೆ. ಕಾಂಡ ಹೋದರೂ ಬೇರು ಸುಲಭಕ್ಕೆ ಸಾಯುವುದಿಲ್ಲ. ಅದಕ್ಕೇ ಕಾಂಡದ ವಯಸ್ಸೇ ಬೇರಿನ ವಯಸ್ಸು ಅಂತ ಯಾರೂ ಹೇಳಲು ಬರುವುದಿಲ್ಲ.

ಹಾಸನದ ಕಡೆಯ ಕಾಫಿ ಬೆಳೆಗಾರರೊಬ್ಬರು ಒಮ್ಮೆ ನಮ್ಮ ಗುಂಪಿನಲ್ಲಿದ್ದರು. ಎಲ್ಲರೂ ದೇವಾಲಯದ ಒಳಗೆ ಹೋದರೂ ಅವರು ಬೇಲಿ ಬಿಟ್ಟು ಬರಲಿಲ್ಲ. ಒಳಗೆ ಕೆಲಸ ಮಾಡುತ್ತಿದ್ದ ತೋಟದಾಳನ್ನು ಕೈಸನ್ನೆಯಲ್ಲೇ ಮಾತಾಡಿಸುತ್ತಿದ್ದರು. ಆತ ಬಂದು ಗರಗಸ ಹಾಕಿದ ಗುರುತು ತೋರಿಸಿದ. ಬುಡದ ಚಿಗುರನ್ನು ಯಾವುದನ್ನು ತೆಗೆಯುತ್ತೇನೆ, ಯಾವುದನ್ನು ಬಿಡುತ್ತೇನೆ ಅಂತ ಬೆರಳಿಟ್ಟು ತೋರಿಸಿದ. ಕಾಂಡದ ಟೊಳ್ಳಿಗೆ ಕಲ್ಲು ತುಂಬಿದ್ದು ಕಾಣಿಸಿದ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಆದರೂ ಆ ಮರಗಳ ಬಗ್ಗೆ ಅವತ್ತು ನಮಗೆಲ್ಲ ಜಾಸ್ತಿ ಹೇಳಿಕೊಟ್ಟವರು ಆ ಬೆಳೆಗಾರರೇ. ಗೈಡಿನ ಹತ್ತಿರ ಇಲ್ಲದ ಕಣ್ಣು ಅವರ ಹತ್ತಿರ ಇತ್ತು. ನಿಮ್ಮಲ್ಲೂ ಹೊಲ ತೋಟ ಮಾಡಿದವರು ಬಹಳ ಜನ ಇದ್ದೀರಿ. ಆ ಕಣ್ಣನ್ನು ಊರಲ್ಲೇ ಬಿಟ್ಟು ಹೊರಡಬೇಡಿ.

ಪಕ್ಕದ ದೇವಾಲಯವೂ ಬಾರ್ಲುಜ್ಜಿ ಕಟ್ಟಿದ್ದೇ, 1924ರಲ್ಲಿ ಮುಗಿಯಿತು. ಬೇರೆ ಬೇರೆ ದೇಶಗಳ ಹಣದಿಂದ ಕಟ್ಟಿದ್ದರಿಂದ ಸರ್ವ ರಾಷ್ಟ್ರಗಳ ದೇವಾಲಯ ಅಂತ ಹೆಸರು. ಒಳಗೆ ಹೋದ ಕೂಡಲೇ ಕತ್ತಲು ಅನ್ನಿಸುತ್ತದೆ. ಕಿಟಕಿಗಳಿಗೆ ನೇರಳೆ ಬಣ್ಣದ ತೆಳು ಕಲ್ಲು ಹಾಕಿದ್ದಾರೆ, ನಡು ಹಗಲಲ್ಲೂ ರಾತ್ರಿಯ ಬೆಳಕು ಬರಲಿ ಅಂತ. ಪೀಠದ ಮುಂದೆ ನೆಲಮಟ್ಟದಲ್ಲೇ ಒರಟು ಬಂಡೆ, ಅದರ ಸುತ್ತ ಮುಳ್ಳಿನ ಕಿರೀಟದ ಹಾಗೆ ಮಾಡಿದ ಕಬ್ಬಿಣದ ಕಟಾಂಜನ. ಇದೇ ಜಾಗದಲ್ಲಿ ನಾಲ್ಕನೇ ಶತಮಾನದಲ್ಲೂ ದೇವಾಲಯ ಇತ್ತು. ಆ ಕಾಲದ ನೆಲದ ಮೊಸಾಯಿಕ್ ತುಣುಕುಗಳನ್ನು ಗಾಜಿನ ಕೆಳಗೆ ಉಳಿಸಿದ್ದಾರೆ. 2020ರಲ್ಲಿ ಇಲ್ಲಿ ಸುರಂಗ ತೋಡುವಾಗ ಸುಮಾರು 2000 ವರ್ಷ ಹಳೆಯ, ಯೆಹೂದ್ಯರು ಶುದ್ಧಿಗೆ ಮುಳುಗುತ್ತಿದ್ದ ಸ್ನಾನದ ತೊಟ್ಟಿ ಸಿಕ್ಕಿತು. ಯೇಸುವಿನ ಕಾಲದಲ್ಲಿ ಈ ಇಳಿಜಾರಿನಲ್ಲಿ ಜನ ಓಡಾಡುತ್ತಿದ್ದರು, ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ಮಣ್ಣಿನಿಂದಲೇ ಬಂದ ಸಾಕ್ಷಿ ಅದು. ಬಹುಶಃ ಓಲಿವ್ ಎಣ್ಣೆ, ದ್ರಾಕ್ಷಾರಸ ಮಾಡುವವರೇ ಕೆಲಸಕ್ಕೆ ಮೊದಲು ಅದರಲ್ಲಿ ಮುಳುಗಿ ಶುದ್ಧರಾಗುತ್ತಿದ್ದರು.

ರಸ್ತೆಯಾಚೆ ಮಾತೆ ಮರಿಯಳ ಸಮಾಧಿಯ ದೇವಾಲಯದ ಬಲಕ್ಕೆ ಒಂದು ಸಣ್ಣ ಓಣಿ ಇದೆ. ತುಂಬಾ ಗುಂಪುಗಳು ಅದನ್ನು ನೋಡದೆಯೇ ಮುಂದೆ ಹೋಗುತ್ತವೆ. ಓಣಿಯ ಕೊನೆಗೆ ಗೆತ್ಸೆಮನೆಯ ಗುಹೆ. ಇಲ್ಲಿ ಎಣ್ಣೆ ತೆಗೆಯುವ ಗಾಣದ ಕುರುಹು ಸಿಕ್ಕಿದೆ. ಓಲಿವ್ ಕೊಯ್ಲು ಅಕ್ಟೋಬರ್, ನವೆಂಬರಿನಲ್ಲಿ. ಯೇಸುವನ್ನು ಹಿಡಿದದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ, ಅದು ಬರುವುದು ಮಾರ್ಚ್ ಕೊನೆಗೆ ಅಥವಾ ಏಪ್ರಿಲಿನಲ್ಲಿ. ಆಗ ಗಾಣಕ್ಕೆ ಕೆಲಸ ಇಲ್ಲ, ಗುಹೆ ಖಾಲಿ. ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಏಪ್ರಿಲಿನಲ್ಲೂ ರಾತ್ರಿ ಚಳಿ. ಅದೇ ರಾತ್ರಿ ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರ ಬೆಂಕಿ ಕಾಯಿಸಿಕೊಂಡ ಅಂತ ಶುಭಸಂದೇಶವೇ ಹೇಳುತ್ತದೆ. ಹಾಗಾಗಿ ಶಿಷ್ಯರು ಮಲಗಿದ್ದು ಈ ಗುಹೆಯಲ್ಲೇ ಇರಬಹುದು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಆ ಮಾತು ನನಗೆ ಸರಿ ಅನ್ನಿಸುತ್ತದೆ.

ಈಗ ಒಂದು ವಿಷಯ ಗಮನಕೊಟ್ಟು ಕೇಳಿ. ಪಾಸ್ಕ ಹಬ್ಬ ಬರುವುದು ಹುಣ್ಣಿಮೆಗೆ. ಗೆತ್ಸೆಮನೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಹಳ್ಳದಾಚೆ ಊರಿನ ಗೋಡೆ ಎದುರಿಗೇ ಇದೆ. ಅಲ್ಲಿಂದ ಪಂಜು ಹಿಡಿದವರು ಇಳಿದು ಬಂದರೆ ಅವರು ಹಳ್ಳ ದಾಟುವ ಮೊದಲೇ ಕಾಣುತ್ತಾರೆ. ಈಗ ಹಿಂದೆ ತಿರುಗಿ ಗುಡ್ಡ ನೋಡಿ. ಸ್ವಲ್ಪ ಹೊತ್ತು ಬಿರುಸಾಗಿ ಹತ್ತಿದರೆ ನೆತ್ತಿ. ನೆತ್ತಿ ದಾಟಿದರೆ ಯೂದಾಯದ ಬೆಂಗಾಡು, ಯಾರ ಕೈಗೂ ಸಿಗದೆ ಹೋಗಬಹುದು. ಅವರು ಬರುತ್ತಿರುವುದು ಯೇಸುವಿಗೆ ಕಾಣುತ್ತಿತ್ತು, ತಪ್ಪಿಸಿಕೊಳ್ಳುವ ದಾರಿ ಬೆನ್ನ ಹಿಂದೆಯೇ ಇತ್ತು. ಆದರೂ ಯೇಸು ಕುಳಿತೇ ಇದ್ದರು. 'ನನ್ನ ಚಿತ್ತವಲ್ಲ, ನಿನ್ನ ಚಿತ್ತ' ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಆ ಜಾಗದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ನೋಡಿದಾಗ ಆ ಮಾತಿನ ಭಾರ ಬೇರೆಯೇ ಆಗುತ್ತದೆ. ಇದಕ್ಕೆ ಇಪ್ಪತ್ತು ನಿಮಿಷ ಸಾಲದು, ಅಲ್ವಾ? ಅಲ್ಲಿ ಫ್ರಾನ್ಸಿಸ್ಕನ್ ಸಭೆಯವರಿದ್ದಾರೆ. ಮೊದಲೇ ಬರೆದು ಕೇಳಿಕೊಂಡರೆ ಗುಂಪುಗಳಿಗೆ ಒಂದು ಗಂಟೆಯ ಪ್ರಾರ್ಥನೆಗೆ ಏರ್ಪಾಡು ಮಾಡಿಕೊಡುತ್ತಾರೆ. 'ಒಂದು ಗಂಟೆ ಎಚ್ಚರವಾಗಿರಲು ಆಗಲಿಲ್ಲವೇ' ಎಂದು ಪ್ರಭು ಕೇಳಿದ ಆ ಒಂದು ಗಂಟೆ. ಪ್ರವಾಸ ಏರ್ಪಡಿಸುವವರಿಗೆ ಇವತ್ತೇ ಹೇಳಿ.

ಎಲೆ ಕೀಳಬೇಡಿ ಅಂತಲೂ ಹೇಳಬೇಕು. ಬೇಲಿ ಹಾಕಿರುವುದು ನಮ್ಮಂಥ ಯಾತ್ರಿಕರಿಂದ ಮರಗಳನ್ನು ಕಾಪಾಡಲು. ಇದು ಇವತ್ತಿನ ರೋಗವಲ್ಲ. ನಾಲ್ಕನೇ ಶತಮಾನದ ಕೊನೆಗೆ ಎಗೇರಿಯಾ ಎಂಬ ಹೆಂಗಸು ಪಶ್ಚಿಮ ಯುರೋಪಿನಿಂದ ಜೆರುಸಲೇಮಿಗೆ ಬಂದಿದ್ದಳು. ಕಂಡದ್ದನ್ನೆಲ್ಲ ಊರಿನ ಸೋದರಿಯರಿಗೆ ಬರೆದಳು. ಶುಭ ಶುಕ್ರವಾರ ಶಿಲುಬೆಯ ಮರವನ್ನು ಜನ ಮುತ್ತಿಡಲು ಇಡುತ್ತಿದ್ದರಂತೆ. ಯಾರೋ ಒಬ್ಬ ಮುತ್ತಿಡುವ ನೆಪದಲ್ಲಿ ಒಂದು ಚೂರು ಕಚ್ಚಿಕೊಂಡು ಹೋದ. ಆಮೇಲಿಂದ ಸುತ್ತ ಡೀಕನ್ನರು, ಅಂದರೆ ಗುರುಗಳ ಸಹಾಯಕರು, ಕಾವಲು ನಿಲ್ಲುತ್ತಿದ್ದರು ಅಂತ ಅವಳು ಬರೆದಿದ್ದಾಳೆ. ಅದೇ ಎಗೇರಿಯಾ ಹಿಂದಿನ ರಾತ್ರಿಯ ಬಗ್ಗೆಯೂ ಹೇಳುತ್ತಾಳೆ. ಇಡೀ ಊರು, ಚಿಕ್ಕ ಮಕ್ಕಳೂ ಸೇರಿ, ಉಪವಾಸ ನಿದ್ದೆಗೆಟ್ಟ ದಣಿವಿನಲ್ಲಿ ಮೇಣದ ಬತ್ತಿ ಹಿಡಿದು ಓಲಿವ್ ಗುಡ್ಡದಿಂದ ಮೆಲ್ಲಗೆ ಗೆತ್ಸೆಮನೆಗೆ ಇಳಿಯುತ್ತಿತ್ತು. ಯೇಸುವನ್ನು ಹಿಡಿದ ಭಾಗವನ್ನು ಓದಿದಾಗ ಜನ ಅಳುವ ದನಿ ಪಟ್ಟಣದವರೆಗೂ ಕೇಳುವಂತಿತ್ತು. ನಾವು ಇಳಿಯುವುದು ಅವರು ಇಳಿದ ಆ ಗುಡ್ಡದಲ್ಲೇ. 1964ರಲ್ಲಿ ಆರನೇ ಪೌಲ್ ಪೋಪರು ಇಲ್ಲಿ ಒಂದು ಓಲಿವ್ ಸಸಿ ನೆಟ್ಟರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನೊಂದು ನೆಟ್ಟರು. ಅವನ್ನೂ ನೋಡಿಕೊಂಡು ಬನ್ನಿ.

ಎರಡನೇ ತೋಟಕ್ಕೆ ಬರೋಣ. ಇದು ಕಣ್ಣಿಗೆ ಕಾಣದ ತೋಟ. ಯೇಸುವನ್ನು ಶಿಲುಬೆಗೇರಿಸಿ ಸಮಾಧಿ ಮಾಡಿದ ಜಾಗ ಅಂತ ನಂಬುವಲ್ಲಿ ಕಟ್ಟಿದ ಪವಿತ್ರ ಸಮಾಧಿ ದೇವಾಲಯದ ಬಾಗಿಲು ದಾಟುತ್ತಿದ್ದ ಹಾಗೆ ನಮ್ಮ ಜನಕ್ಕೆ ಗಲಿಬಿಲಿ ಆಗುತ್ತದೆ. ಕತ್ತಲು, ಧೂಪ, ನೂಕುನುಗ್ಗಲು, ನಾಲ್ಕು ಭಾಷೆಯ ಹಾಡು ಒಟ್ಟಿಗೆ. ಆರು ಸಭೆಗಳು ಈ ಕಟ್ಟಡವನ್ನು ಹಂಚಿಕೊಂಡಿವೆ: ಗ್ರೀಕ್ ಆರ್ಥಡಾಕ್ಸ್, ಕಥೋಲಿಕ, ಅರ್ಮೇನಿಯನ್, ಕಾಪ್ಟಿಕ್, ಇಥಿಯೋಪಿಯನ್, ಸಿರಿಯನ್. 'ಇಲ್ಲಿ ತೋಟ ಎಲ್ಲಿತ್ತು? ಊರಾಚೆ ಶಿಲುಬೆಗೇರಿಸಿದರು ಅಂತ ಓದಿದ್ದೇವೆ, ಇದು ಊರ ನಡುವೆ ಇದೆಯಲ್ಲ?' ಎಂದು ಪ್ರತಿ ಗುಂಪಿನಲ್ಲೂ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ.

ಯೇಸುವಿನ ಕಾಲದಲ್ಲಿ ಈ ಜಾಗ ಊರಗೋಡೆಯ ಆಚೆಯೇ ಇತ್ತು. ಅವರು ತೀರಿಕೊಂಡು ಹೆಚ್ಚೆಂದರೆ ಹದಿನೈದು ವರ್ಷದ ಒಳಗೆ, 41ರಿಂದ 44ರವರೆಗೆ ಆಳಿದ ಹೆರೋದ್ ಅಗ್ರಿಪ್ಪ ಹೊಸ ಗೋಡೆ ಶುರು ಮಾಡಿದ. ಜಾಗ ಊರೊಳಗೆ ಬಂತು. ಅದಕ್ಕೂ ಬಹಳ ಹಿಂದೆ ಇದು ಸುಣ್ಣಕಲ್ಲಿನ ಕ್ವಾರಿ. ಒಳ್ಳೆಯ ಕಲ್ಲು ತೆಗೆದ ಮೇಲೆ ಬಿಟ್ಟರು. ತೆಗೆಯಲು ಬಾರದ ಬಿರುಕುಗಲ್ಲಿನ ದಿಬ್ಬವೊಂದು ಹಾಗೇ ಉಳಿಯಿತು, ಅದನ್ನೇ ಗೊಲ್ಗೊಥಾ, ಅಂದರೆ ಯೇಸುವನ್ನು ಶಿಲುಬೆಗೇರಿಸಿದ 'ತಲೆಬುರುಡೆಯ ಜಾಗ', ಅಂತ ತೋರಿಸುತ್ತಾರೆ. ಕ್ವಾರಿಯ ಗೋಡೆಗಳಲ್ಲಿ ಸಮಾಧಿ ಕೊರೆದರು, ಗುಂಡಿಗಳಿಗೆ ಮಣ್ಣು ತುಂಬಿ ಬೆಳೆ ಬೆಳೆದರು. ರೋಮನ್ ಚಕ್ರವರ್ತಿ ಹೇಡ್ರಿಯನ್ ಎರಡನೇ ಶತಮಾನದಲ್ಲಿ ಇದರ ಮೇಲೆ ಗುಡಿ ಕಟ್ಟಿಸಿದ. ನಾಲ್ಕನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಅದನ್ನು ತೆಗೆಸಿ ದೇವಾಲಯ ಕಟ್ಟಿಸಿದ. 335ರಲ್ಲಿ ಪ್ರತಿಷ್ಠೆ ಆಯಿತು. 1009ರಲ್ಲಿ ಖಲೀಫ ಅಲ್ ಹಾಕಿಮ್ ಅದನ್ನು ಕೆಡವಿಸಿದ. ನಾವೀಗ ನೋಡುವ ಕಟ್ಟಡದ ಬಹುಪಾಲು 12ನೇ ಶತಮಾನದ ಕ್ರುಸೇಡರುಗಳದ್ದು.

ಈಗ ನನಗೆ ತುಂಬಾ ಪ್ರಿಯವಾದ ವಿಷಯ. ನಾಲ್ಕನೇ ಶತಮಾನದ ನಡುವೆ ಜೆರುಸಲೇಮಿನ ಸಿರಿಲ್ ಎಂಬ ಸಂತರು ದೀಕ್ಷಾಸ್ನಾನಕ್ಕೆ ಸಿದ್ಧವಾಗುವವರಿಗೆ ಇದೇ ದೇವಾಲಯದಲ್ಲಿ ಪಾಠ ಹೇಳುತ್ತಿದ್ದರು. ಈ ಜಾಗ ಈಗ ರಾಜರ ಕಾಣಿಕೆಗಳಿಂದ ಸಿಂಗಾರವಾಗಿದೆ, ಆದರೆ ಇದು ಮೊದಲು ತೋಟವಾಗಿತ್ತು, ಅದರ ಗುರುತು ಇನ್ನೂ ಉಳಿದಿದೆ ಅಂತ ಅವರು ಹೇಳಿದ ಮಾತು ನಮಗೆ ಸಿಕ್ಕಿದೆ. ಆ ಗುರುತು ಆಮೇಲೆ ಅಳಿದುಹೋಯಿತು. 2022ರಲ್ಲಿ ದೇವಾಲಯದ ನೆಲ ದುರಸ್ತಿಗೆ ಚಪ್ಪಡಿ ಎಬ್ಬಿಸಿದಾಗ ರೋಮಿನ ಸಪಿಯೆಂಜಾ ವಿಶ್ವವಿದ್ಯಾಲಯದ ಪುರಾತತ್ವ ತಂಡ ಕೆಳಗೆ ಅಗೆಯಲು ಶುರು ಮಾಡಿತು. ಕಲ್ಲಿನ ಗಿಡ್ಡ ಗೋಡೆ, ನಡುವೆ ತುಂಬಿದ ಕೃಷಿಯ ಮಣ್ಣು ಸಿಕ್ಕಿತು. ಆ ಮಣ್ಣಿನಲ್ಲಿ ಓಲಿವ್ ಮತ್ತು ದ್ರಾಕ್ಷಿಯ ಕುರುಹು ಇದೆ, ಕ್ರೈಸ್ತಪೂರ್ವ ಕಾಲದ ಕಡೆಯಿಂದ ಯೇಸುವಿನ ಕಾಲದ ಆಸುಪಾಸಿನ ಪದರ ಇದು ಅಂತ ತಂಡದವರು 2025ರಲ್ಲಿ ತಿಳಿಸಿದರು. ಯೊವಾನ್ನ ಬರೆದ ತೋಟ, ಸಿರಿಲ್ ಕಂಡ ತೋಟ, ನಮ್ಮ ಚಪ್ಪಲಿಯ ಕೆಳಗೇ ಇದೆ. ನನಗೆ ಈ ಸುದ್ದಿ ಓದಿದ ದಿನ ಆದ ಸಂತೋಷ ಹೇಳಲು ಆಗದು.

ಸಮಾಧಿಯ ಮೇಲಿನ ಪುಟ್ಟ ಗುಡಿಯನ್ನು 2016ರಲ್ಲಿ ಅಥೆನ್ಸಿನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ದುರಸ್ತಿ ಮಾಡಿತು. ಅಮೃತಶಿಲೆಯ ಚಪ್ಪಡಿ ಸರಿಸಿದಾಗ ಕೆಳಗೆ ಬಂಡೆಯಲ್ಲೇ ಕೊರೆದ ಹಾಸು ಹಾಗೇ ಇತ್ತು. ಒಳಗಿನ ಗಾರೆಯನ್ನು ಪರೀಕ್ಷಿಸಿದರೆ ಸುಮಾರು 345ರದ್ದು ಅಂತ ಬಂತು. ಅಂದರೆ ಕಾನ್‌ಸ್ಟಂಟೈನ್ ಕಾಲದವರು ಗುರುತಿಸಿದ ಜಾಗವೇ ಇವತ್ತಿಗೂ ಉಳಿದು ಬಂದಿದೆ.

ಒಳಗೆ ಹೋಗುವ ಸಾಲು ಉದ್ದ. ಕಾಯುವಾಗ ನಿಮ್ಮ ಗುಂಪಿನ ಅರ್ಧ ಜನ ಗುಡಿಯ ಹಿಂದೆ ಹೋಗಿ ಬನ್ನಿ, ಆಮೇಲೆ ಉಳಿದರ್ಧ. ಅಲ್ಲಿ ಸಿರಿಯನ್ನರ ಪ್ರಾರ್ಥನಾಲಯ ಇದೆ. ಮಸಿ ಹಿಡಿದ ಗೋಡೆ, ಕಿತ್ತುಬಂದ ಗಾರೆ. ದುರಸ್ತಿ ಮಾಡುವ ಹಕ್ಕು ಯಾರದ್ದು ಅನ್ನುವ ತಕರಾರು ತೀರದೆ ಹಾಗೇ ಉಳಿದಿದೆ. ಅದರ ಮೂಲೆಯಲ್ಲಿ ತಗ್ಗಾದ ಕಿಂಡಿ. ಬಗ್ಗಿ ಒಳಗೆ ಹೋಗಿ, ಮೊಬೈಲಿನ ಟಾರ್ಚ್ ಹಾಕಿ. ಬಂಡೆಯ ಗೋಡೆಯಲ್ಲಿ ಒಬ್ಬರನ್ನು ಉದ್ದಕ್ಕೆ ತಳ್ಳಿ ಇಡುವಷ್ಟು ಅಗಲದ ಗೂಡುಗಳು ಕಾಣುತ್ತವೆ. ಇವು ಒಂದನೇ ಶತಮಾನದ ಯೆಹೂದ್ಯ ಸಮಾಧಿಗಳು. ಊರೊಳಗೆ ಯೆಹೂದ್ಯರು ಹೂಳುತ್ತಿರಲಿಲ್ಲ. ಈ ಜಾಗ ಆಗ ಊರಾಚೆ ಇತ್ತು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ. ಆ ಸಿರಿಯನ್ ಪರಂಪರೆ ನಮಗೆ ದೂರದ್ದೂ ಅಲ್ಲ. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಸಿರಿಯನ್ ಆರ್ಥಡಾಕ್ಸ್ ಕ್ರೈಸ್ತರಿದ್ದಾರೆ. 1889ರಲ್ಲಿ ಬಿಷಪರಾದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಕಾಲದಲ್ಲಿ ಕಥೋಲಿಕ ಸಭೆಯಿಂದ ಆ ಕಡೆ ಹೋದವರ ಮನೆತನಗಳು ಅವು.

ನಿಮ್ಮಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯವರೂ ಇದ್ದೀರಿ. ನಿಮ್ಮ ಪಟ್ಟಿಯಲ್ಲಿ ಡಮಾಸ್ಕಸ್ ಬಾಗಿಲಿನಾಚೆಯ ತೋಟದ ಸಮಾಧಿಯೂ ಇರುತ್ತದೆ. 1883ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗಾರ್ಡನ್ ಅಲ್ಲಿನ ಬಂಡೆಯ ಮುಖ ತಲೆಬುರುಡೆಯ ಹಾಗೆ ಕಾಣುವುದನ್ನು ನೋಡಿ ಇದೇ ಗೊಲ್ಗೊಥಾ ಇರಬೇಕು ಅಂದ. 1894ರಿಂದ ಲಂಡನ್ನಿನ ಒಂದು ಟ್ರಸ್ಟ್ ಆ ತೋಟವನ್ನು ನೋಡಿಕೊಳ್ಳುತ್ತಿದೆ. ಅಲ್ಲಿನ ಸಮಾಧಿ ಯೇಸುವಿಗಿಂತ ಆರೇಳು ನೂರು ವರ್ಷ ಹಳೆಯದು ಅಂತ ಇಸ್ರೇಲಿನ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕಾಯ್ ತೋರಿಸಿದ್ದಾರೆ. ಶುಭಸಂದೇಶ ಹೇಳುವುದು ಹೊಸ ಸಮಾಧಿ. ಹಾಗಾಗಿ ನಿಜವಾದ ಜಾಗ ಇದಲ್ಲ ಅಂತಲೇ ನನ್ನ ತಿಳಿವಳಿಕೆ. ಆದರೂ ಅಲ್ಲಿಗೆ ಹೋಗಿ ಅನ್ನುತ್ತೇನೆ. ಬಂಡೆಯಲ್ಲಿ ಕೊರೆದ ದೊಡ್ಡ ನೀರಿನ ತೊಟ್ಟಿ ಇದೆ, ದ್ರಾಕ್ಷಿ ತುಳಿದು ರಸ ತೆಗೆಯುವ ಹಳೆಯ ತೊಟ್ಟಿ ಇದೆ. ಮರದ ನೆರಳಲ್ಲಿ ಬೆಂಚುಗಳಿವೆ. ಪವಿತ್ರ ಸಮಾಧಿ ದೇವಾಲಯದಲ್ಲಿ ಕಲ್ಲಿನಡಿ ಮುಚ್ಚಿಹೋಗಿರುವುದು ಇಲ್ಲಿ ಬಯಲಾಗಿದೆ. ಬಂಡೆಗೆ ಕೊರೆದ ಸಮಾಧಿ, ಅದರ ಮುಂದೆ ತೋಟ, ಬೆಳಗಿನ ಬಿಸಿಲು. ಮೊದಲು ಇಲ್ಲಿ ಕೂತು 20ನೇ ಅಧ್ಯಾಯ ಓದಿ, ಆಮೇಲೆ ಆ ದೊಡ್ಡ ದೇವಾಲಯಕ್ಕೆ ಹೋಗಿ. ಅಲ್ಲಿ ಕಾಣದ್ದು ಕಾಣಲು ಶುರುವಾಗುತ್ತದೆ. ಕಥೋಲಿಕ ಗುಂಪುಗಳು ಇದನ್ನು ಪಟ್ಟಿಯಿಂದ ಬಿಟ್ಟುಬಿಡುವುದು, ಉಳಿದವರು ಅಲ್ಲಿಗೆ ಹೋಗಿ ದೊಡ್ಡ ದೇವಾಲಯದಲ್ಲಿ ಹತ್ತು ನಿಮಿಷ ಮಾತ್ರ ನಿಲ್ಲುವುದು, ಎರಡೂ ನನಗೆ ಬೇಸರ ತರುತ್ತದೆ.

ಯಾವ ತಿಂಗಳು ಹೋಗಬೇಕು ಅಂತ ತುಂಬಾ ಜನ ಕೇಳಿದ್ದೀರಿ. ಆಗುವುದಾದರೆ ಫೆಬ್ರವರಿ ಕೊನೆ, ಮಾರ್ಚ್. ಗಲಿಲೇಯ ಸರೋವರದ ಮೇಲಿನ ಅಷ್ಟಭಾಗ್ಯಗಳ ಗುಡ್ಡದಲ್ಲಿ 1938ರ ಎಂಟು ಮೂಲೆಯ ದೇವಾಲಯ ಇದೆ, ಅದೂ ಬಾರ್ಲುಜ್ಜಿಯದ್ದೇ. ಫ್ರಾನ್ಸಿಸ್ಕನ್ ಸೋದರಿಯರು ಚೆಂದದ ತೋಟ ಮಾಡಿದ್ದಾರೆ. ಆದರೆ ಆ ದಿನಗಳಲ್ಲಿ ನೋಡಬೇಕಾದ್ದು ತೋಟದಾಚೆಯ ಬಯಲು. ಮಳೆಗಾಲ ಅಲ್ಲಿ ಚಳಿಗಾಲದಲ್ಲೇ. ಮಳೆ ಮುಗಿಯುತ್ತಿದ್ದ ಹಾಗೆ ಗುಡ್ಡವೆಲ್ಲ ಹಸಿರು, ಹಸಿರಿನ ನಡುವೆ ಕೆಂಪು ಅನಿಮೋನ್ ಹೂಗಳು, ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ. ಸೊಲೊಮೋನನೂ ಇವುಗಳಷ್ಟು ಚೆಂದ ಉಡಲಿಲ್ಲ ಅಂತ ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಅಂದದ್ದು ಇಂಥ ಹೂಗಳನ್ನು ನೋಡಿಯೇ ಇರಬೇಕು. ಜೂನಿನಲ್ಲಿ ಅದೇ ಗುಡ್ಡಕ್ಕೆ ಹೋದರೆ ಒಂದು ಹೂವೂ ಇಲ್ಲ. ಒಣಹುಲ್ಲು, ಮುಳ್ಳು, ಕಣ್ಣು ಕುಕ್ಕುವ ಬಿಸಿಲು. 'ಇಂದು ಇದ್ದು ನಾಳೆ ಒಲೆಯ ಪಾಲಾಗುವ ಹುಲ್ಲು' ಅಂತ ಅದೇ ಬೋಧನೆಯಲ್ಲಿ ಬರುತ್ತದೆ. ಮಲೆನಾಡಿನಲ್ಲಿ ಬೆಳೆದ ನನಗೆ ಆ ಮಾತು ಯಾವತ್ತೂ ಸರಿಯಾಗಿ ಅರ್ಥ ಆಗಿರಲಿಲ್ಲ. ನಮ್ಮಲ್ಲಿ ಹುಲ್ಲು ಅಷ್ಟು ಬೇಗ ಹೋಗುವುದಿಲ್ಲವಲ್ಲ.

ಸ್ವಲ್ಪ ಬೇರೆ ವಿಷಯ, ಆದರೆ ಹೇಳದೆ ಬಿಡಲಾರೆ. ಹೈಫಾಗೆ ಹೋದರೆ ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಬಹಾಯಿ ಧರ್ಮದವರ ಹತ್ತೊಂಬತ್ತು ಹಂತದ ತೋಟ ತೋರಿಸುತ್ತಾರೆ. ಬೇರೆ ಧರ್ಮದವರದ್ದು ಅಂತ ಮುಖ ತಿರುಗಿಸಬೇಡಿ, ಭಕ್ತಿಯಿಂದ ಸಾಕಿದ ತೋಟ ಅದು. ಅದೇ ಬೆಟ್ಟದ ಮೇಲೆ ಕಾರ್ಮೆಲೈಟ್ ಸಭೆಯ ಮಠ ಇದೆ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರ ನೋಡಿಕೊಳ್ಳುವ ಗುರುಗಳ ಸಭೆ ಹುಟ್ಟಿದ್ದು ಈ ಬೆಟ್ಟದಲ್ಲಿ. ಇದೇ ಹೈಫಾವನ್ನು 1918ರ ಸೆಪ್ಟೆಂಬರ್ 23ರಂದು ಗೆದ್ದವರಲ್ಲಿ ಜೋಧ್‌ಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಬೆಟ್ಟದ ಮೇಲೆ ನಿಂತಾಗ ಅವರಿಗೂ ಒಂದು ಪ್ರಾರ್ಥನೆ ಸಲ್ಲಿಸಿ.

ಬೆತ್ಲೆಹೇಮಿಗೆ ಹೋದ ದಿನ ಇನ್ನೊಂದು ತೋಟವಿದೆ, ಸಾಮಾನ್ಯವಾಗಿ ಯಾರೂ ಕರೆದುಕೊಂಡು ಹೋಗುವುದಿಲ್ಲ. ಊರಿನ ದಕ್ಷಿಣಕ್ಕೆ ಅರ್ತಾಸ್ ಎಂಬ ಪಾಲಸ್ತೀನಿ ಮುಸ್ಲಿಮರ ಹಳ್ಳಿ. ಕಣಿವೆಯಲ್ಲಿ ಊಟೆ ನೀರು, ತರಕಾರಿ ಪಾತಿ. ಎದುರು ದಿಣ್ಣೆಗೆ ಒರಗಿದ ಹಾಗೆ ದೊಡ್ಡ ಕನ್ಯಾಮಠ, 1901ರದ್ದು. ದೂರದ ಉರುಗ್ವೆಯ ಮಹಾಧರ್ಮಾಧ್ಯಕ್ಷರೊಬ್ಬರು ಕಟ್ಟಿಸಿದ್ದು. ಬೈಬಲ್ಲಿನ ಪರಮಗೀತೆಯಲ್ಲಿ ಬರುವ ಬೇಲಿ ಹಾಕಿದ ತೋಟ ಇದೇ ಕಣಿವೆ ಅನ್ನುವ ನಂಬಿಕೆಯಿಂದ ಮಠಕ್ಕೆ ಅದೇ ಹೆಸರು ಇಟ್ಟಿದ್ದಾರೆ. ವಸಂತದಲ್ಲಿ ಹಳ್ಳಿಯವರು ಲೆಟಿಸ್ ಸೊಪ್ಪಿನ ಹಬ್ಬ ಮಾಡುತ್ತಾರೆ. ಕ್ರೈಸ್ತ ಸೋದರಿಯರ ಗಂಟೆ, ಮಸೀದಿಯ ಆಜಾನ್, ನೀರು ಕಟ್ಟುವ ರೈತರು, ಎಲ್ಲ ಒಂದೇ ಕಣಿವೆಯಲ್ಲಿ. ಪಟ್ಟಿಯಲ್ಲಿ ಸೇರಿಸಲು ಆಗುತ್ತದಾ ಕೇಳಿ ನೋಡಿ.

ಬೆತ್ಲೆಹೇಮಿನಲ್ಲಿ ಓಲಿವ್ ಮರದ ಗೋದಲಿ, ಜಪಸರ ಮಾರುತ್ತಾರೆ. ಸವರಿದ ಕೊಂಬೆಗಳಿಂದ ಮಾಡುವ ಕೆತ್ತನೆ ಅದು, ಅಲ್ಲಿನ ಕ್ರೈಸ್ತ ಮನೆಗಳ ಹಳೆಯ ಕಸುಬು. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ಮೇಲೆ ಯಾತ್ರಿಕರು ನಿಂತುಹೋದರು, ಕಾರ್ಖಾನೆಗಳು ಮುಚ್ಚಿದವು, ಎಷ್ಟೋ ಮನೆಗಳು ಊರು ಬಿಟ್ಟವು. ಯಾವಾಗ ಹೊರಡುವುದು ಕ್ಷೇಮ ಅನ್ನುವುದನ್ನು ಸರ್ಕಾರದ ಸೂಚನೆ ನೋಡಿಯೇ ತೀರ್ಮಾನಿಸಿ. ಹೋದಾ‌ಗ ಮಾತ್ರ ಬಸ್ಸು ನಿಲ್ಲಿಸಿದ ದೊಡ್ಡ ಅಂಗಡಿಯಲ್ಲೇ ಎಲ್ಲ ಕೊಳ್ಳಬೇಡಿ. ಕೆತ್ತುವವರ ಕೈಯಿಂದ ಕೊಳ್ಳಿ.

ಕೊನೆಗೆ ಮಂಡಿನೋವಿರುವ ಹಿರಿಯರಿಗೆ ಎರಡು ಮಾತು. ಗರಿಗಳ ಭಾನುವಾರದ ಹಾದಿ ಮಳೆ ಬಂದರೆ ಜಾರುತ್ತದೆ, ಇಳಿಜಾರು ಮಂಡಿಗೆ ಬಲು ಕಷ್ಟ. ನೀವು ಮೇಲಿಂದ ನಡೆಯಬೇಕಾಗಿಲ್ಲ. ಟ್ಯಾಕ್ಸಿ ಹಿಡಿದು ನೇರ ಗೆತ್ಸೆಮನೆಯ ಬಾಗಿಲಿಗೆ ಹೋಗಿ, ಗುಂಪು ಬರುವ ತನಕ ಅಲ್ಲೇ ಕೂತಿರಿ. ಗುಹೆಗೆ ಹೋಗಲು ಕೆಲವು ಮೆಟ್ಟಿಲಿವೆ, ಮರಿಯಳ ಸಮಾಧಿಗೆ ಇಳಿಯಲು ತುಂಬಾ ಇವೆ. ಮಧ್ಯಾಹ್ನದ ಹೊತ್ತು ಕೆಲವು ಜಾಗ ಮುಚ್ಚಿರಬಹುದು, ಅದಕ್ಕೇ ಬೆಳಿಗ್ಗೆ ಬೇಗ ಹೋಗಿ. ಒಂದು ಶಾಲು, ಒಂದು ಟಾರ್ಚ್, ಕೈಗೆ ಹಿಡಿಯುವಷ್ಟು ಚಿಕ್ಕ ಬೈಬಲ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಬೈಬಲ್ ಇದೆ ಅನ್ನುವವರು ಅದರ ಬ್ಯಾಟರಿ ಫೋಟೊಗೆ ಮುಗಿಯದ ಹಾಗೆ ನೋಡಿಕೊಳ್ಳಿ. ಪ್ರಶ್ನೆಗಳಿದ್ದರೆ ಈಗ ಕೇಳಿ, ವೀಸಾ ಮತ್ತು ಹಣದ ವಿಷಯ ಮಾತ್ರ ಪ್ರವಾಸ ಏರ್ಪಡಿಸುವವರನ್ನು ಕೇಳಿ.